ನಕ್ಷತ್ರ ದುಂಡಗೆ ಬರದಿದ್ದಾಗ: ನಾನು ತಪ್ಪು ಹುಡುಕುವ ಕ್ರಮ

ಟೆಲಿಸ್ಕೋಪಿಗೆ ಕ್ಯಾಮೆರಾ ಜೋಡಿಸಿ ತೆಗೆದ ಚಿತ್ರದಲ್ಲಿ ನಕ್ಷತ್ರಗಳು ಮೊಟ್ಟೆಯಾಕಾರಕ್ಕೆ ತಿರುಗಿದರೆ ತಕ್ಷಣ ಯಾವ ಸ್ಕ್ರೂಗೂ ಕೈ ಹಾಕುವುದಿಲ್ಲ. ಮೊದಲು ಗೇನ್ (ಕ್ಯಾಮೆರಾದ ಸಂವೇದನೆ) ಏರಿಸಿ ಅದೇ ಜಾಗದ್ದು 2 ಸೆಕೆಂಡಿನ ಒಂದು ಎಕ್ಸ್‌ಪೋಷರ್, ಆಮೇಲೆ ಮಾಮೂಲಿ 180 ಸೆಕೆಂಡಿನದು. ಎರಡನ್ನೂ ಸ್ಟ್ಯಾಕ್ ಮಾಡದೆ (ಹಲವು ಫ್ರೇಮ್ ಒಂದರ ಮೇಲೊಂದು ಸೇರಿಸದೆ) ಒಂಟಿ ಫ್ರೇಮಿನಲ್ಲೇ 100% ಗಾತ್ರದಲ್ಲಿ ನೋಡುತ್ತೇನೆ. ಚಿಕ್ಕದರಲ್ಲಿ ದುಂಡಗಿದ್ದು ದೊಡ್ಡದರಲ್ಲಿ ಎಳೆದಂತಿದ್ದರೆ ದೋಷ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಆಧಾರ) ಕಡೆಯದು. ಎರಡರಲ್ಲೂ ಒಂದೇ ಆಕಾರ ಬಂದರೆ ಮೌಂಟ್ ಬಿಟ್ಟು ಆಪ್ಟಿಕ್ಸ್ (ಲೆನ್ಸ್, ದರ್ಪಣಗಳು) ಕಡೆ ತಿರುಗಬೇಕು. ಈ ಎರಡು ನಿಮಿಷದ ಕೆಲಸ ಬಿಟ್ಟು ಕಾಲಿಮೇಷನ್ (ಲೆನ್ಸ್, ದರ್ಪಣಗಳನ್ನು ಒಂದೇ ನೇರಕ್ಕೆ ಹೊಂದಿಸುವುದು) ಕೆದಕಿದರೆ ಸರಿಯಿದ್ದದ್ದೂ ಕೆಡುತ್ತದೆ.

ಮೌಂಟಿನದೇ ಆದರೆ ಯಾವ ಅಕ್ಷ ಅಂತ ತಿಳಿಯಬೇಕು. 5 ಸೆಕೆಂಡಿನ ಎಕ್ಸ್‌ಪೋಷರ್ ನಡೆಯುತ್ತಿರುವಾಗ ಆರ್‌ಎ ಅಕ್ಷವನ್ನು (ನಕ್ಷತ್ರಗಳ ಪೂರ್ವ-ಪಶ್ಚಿಮ ಚಲನೆಯನ್ನು ಹಿಂಬಾಲಿಸುವುದು) ನಿಧಾನ ವೇಗದಲ್ಲಿ ಓಡಿಸಿದರೆ ನಕ್ಷತ್ರಗಳು ಗೆರೆ ಎಳೆಯುತ್ತವೆ. ಅದೇ ಆರ್‌ಎ ದಿಕ್ಕು. ಮೊಟ್ಟೆ ಆ ಗೆರೆಯ ಜೊತೆಗೇ ಹೋದರೆ ಪೀರಿಯಾಡಿಕ್ ಎರರ್ (ಗೇರಿನ ಪ್ರತಿ ಸುತ್ತಿಗೂ ಮರುಕಳಿಸುವ ತಪ್ಪು) ಅಥವಾ ಬ್ಯಾಲೆನ್ಸ್ ಸಮಸ್ಯೆ. ಪೂರ್ವದ ಬದಿಗೆ ಒಂಚೂರು ಭಾರ ಹೆಚ್ಚಿಟ್ಟರೆ ಗೇರ್ ಹಲ್ಲುಗಳು ಕಚ್ಚಿಕೊಂಡೇ ಇರುತ್ತವೆ. ಗೆರೆಗೆ ಅಡ್ಡವಾಗಿದ್ದರೆ ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ತಪ್ಪಿದೆ, ಇಲ್ಲವೇ ಡೆಕ್ (ಉತ್ತರ-ದಕ್ಷಿಣದ) ಅಕ್ಷದ ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ). ಗೈಡಿಂಗ್ ಗ್ರಾಫ್ (ಗೈಡ್‌ಸ್ಕೋಪ್ ಎಂಬ ಚಿಕ್ಕ ಟೆಲಿಸ್ಕೋಪ್ ಒಂದು ನಕ್ಷತ್ರ ನೋಡುತ್ತಾ ಮೌಂಟ್ ತಿದ್ದಿದ ದಾಖಲೆ) ನೆಟ್ಟಗಿದ್ದೂ ನಕ್ಷತ್ರ ಎಳೆದಿದ್ದರೆ ಗೈಡ್‌ಸ್ಕೋಪಿನ ರಿಂಗ್ ಸಡಿಲಾಗಿದೆಯೇ, ಕೇಬಲ್ ಜೋತು ಬಿದ್ದು ಎಳೆಯುತ್ತಿದೆಯೇ ನೋಡಿ.

ಆಪ್ಟಿಕ್ಸ್ ವಿಷಯ ಇನ್ನಷ್ಟು ಸೂಕ್ಷ್ಮ. ನಡುವೆ ಚೆನ್ನಾಗಿದ್ದು ನಾಲ್ಕೂ ಮೂಲೆ ಕೆಟ್ಟಿದ್ದರೆ ಫ್ಲ್ಯಾಟನರಿನಿಂದ (ಅಂಚಿನವರೆಗೂ ಫೋಕಸ್ ಸಮವಾಗಿಸುವ ಲೆನ್ಸ್) ಕ್ಯಾಮೆರಾದ ಸೆನ್ಸರಿಗಿರುವ ಅಂತರ ತಪ್ಪಿದೆ. ಬಹಳಷ್ಟು ಫ್ಲ್ಯಾಟನರುಗಳಿಗೆ ಅದು 55 ಮಿ.ಮೀ. ನಡುವೆ ಫಿಲ್ಟರ್ ಇದ್ದರೆ ಅದರ ದಪ್ಪದ ಮೂರನೇ ಒಂದು ಭಾಗ ಸೇರಿಸಬೇಕು: 2 ಮಿ.ಮೀ. ಗಾಜಿಗೆ ಸುಮಾರು 0.7. ಅಂದರೆ 55.7. ಇದನ್ನೇ ಬಹುತೇಕರು ಮರೆಯುತ್ತಾರೆ. ಮೂಲೆಯ ನಕ್ಷತ್ರಗಳು ಕೇಂದ್ರದಿಂದ ಹೊರಕ್ಕೆ ಚಾಚಿದ್ದರೆ ಸಾಮಾನ್ಯವಾಗಿ ಸೆನ್ಸರ್ ಹತ್ತಿರವಾಗಿದೆ. ಕೇಂದ್ರವನ್ನು ಸುತ್ತುವಂತೆ ಬಾಗಿದ್ದರೆ ದೂರವಾಗಿದೆ. ಒಂದು ಸಲಕ್ಕೆ ಅರ್ಧ ಮಿ.ಮೀ. ಶಿಮ್ (ತೆಳು ಬಿಲ್ಲೆ), ಅಷ್ಟೇ. ಪ್ರತಿ ಬದಲಾವಣೆಯ ನಂತರ ಫೋಕಸ್ ಹೊಸದಾಗಿ ಮಾಡದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಒಂದೇ ಮೂಲೆ ಕೆಟ್ಟಿದ್ದರೆ ಟಿಲ್ಟ್, ಅಂದರೆ ಸೆನ್ಸರ್ ಬೆಳಕಿನ ದಾರಿಗೆ ಓರೆಯಾಗಿದೆ. ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ಫ್ರೇಮ್ ತೆಗೆಯುತ್ತೇನೆ. ಚಿತ್ರದ ಅದೇ ಮೂಲೆಯಲ್ಲಿ ದೋಷ ಉಳಿದರೆ ಕ್ಯಾಮೆರಾ ಅಥವಾ ಅದರ ಜೊತೆ ತಿರುಗಿದ ಅಡಾಪ್ಟರ್ ಕಾರಣ. ಬೇರೆ ಮೂಲೆಗೆ ಹೋದರೆ ಫೋಕಸರ್ ಇಲ್ಲವೇ ಟೆಲಿಸ್ಕೋಪಿನ ಜೋಡಣೆ.

ಚಿತ್ರದ ಉದ್ದಗಲಕ್ಕೂ ನಕ್ಷತ್ರಗಳು ಮುಕ್ಕೋನವಾಗಿದ್ದರೆ ಎಲ್ಲೋ ಬಿಗಿತ ಹೆಚ್ಚಾಗಿದೆ. ನ್ಯೂಟೋನಿಯನ್‌ನಲ್ಲಿ (ದರ್ಪಣ ಬಳಸುವ ಟೆಲಿಸ್ಕೋಪ್) ಪ್ರಧಾನ ದರ್ಪಣದ ಮೂರು ಕ್ಲಿಪ್ಪುಗಳನ್ನು ಮೊದಲು ಪರೀಕ್ಷಿಸಬೇಕು: ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ಕಾಗದದ ಚೂರು ಸಲೀಸಾಗಿ ಜಾರಬೇಕು, ಸಿಕ್ಕಿಕೊಂಡರೆ ಬಿಗಿ ಜಾಸ್ತಿ. ಲೆನ್ಸ್ ಟೆಲಿಸ್ಕೋಪಿನಲ್ಲಿ ಚಳಿಗೆ ಲೋಹದ ಸೆಲ್ (ಲೆನ್ಸ್ ಹಿಡಿದಿಡುವ ಚೌಕಟ್ಟು) ಕುಗ್ಗಿ ಗಾಜನ್ನು ಹಿಂಡಿದಾಗಲೂ ಇದೇ ಆಕಾರ ಬರುತ್ತದೆ. ಬೆಚ್ಚಗಿನ ರಾತ್ರಿ ಅದು ಕಾಣದಿದ್ದರೆ ಕಾರಣ ಅದೇ.