ಮಿತೋಮ ಮುಂದೋ, ಕುಬೊ ಮುಂದೋ: ಆನ್‌ಲೈನ್ ಜನಪ್ರಿಯತೆ ಅಳೆಯುವ ಬಗೆ

ಜಪಾನಿನ ಫುಟ್‌ಬಾಲ್ ಆಟಗಾರರನ್ನು ಇನ್‌ಸ್ಟಾಗ್ರಾಂ ಫಾಲೋವರ್‌ಗಳ ಲೆಕ್ಕದಲ್ಲಿ ತೂಗಲು ಹೊರಟರೆ ಆರಂಭದಲ್ಲೇ ಎಡವುತ್ತೀರಿ. ಆಟಗಾರನನ್ನು ಮರೆತವರೂ ಆ ಲೆಕ್ಕದಲ್ಲಿ ಉಳಿದೇ ಇರುತ್ತಾರೆ. ಯಾರನ್ನು ಎಷ್ಟು ಹುಡುಕುತ್ತಿದ್ದಾರೆ ಎಂದು ತಿಳಿಯಲು ಗೂಗಲ್ ಹುಡುಕಾಟಗಳ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್ ಮತ್ತು ಒಂದು ಪುಟವನ್ನು ಎಷ್ಟು ಸಲ ತೆರೆದರೆಂದು ಹೇಳುವ ವಿಕಿಪೀಡಿಯಾದ ಪೇಜ್‌ವ್ಯೂಸ್ ಸಾಕು. ಎರಡಕ್ಕೂ ದುಡ್ಡಿಲ್ಲ.

ಒಂದೇ ಕಾಲದ, ಒಂದೇ ಬಗೆಯ ಆಟಗಾರರನ್ನು ಆರಿಸಿಕೊಳ್ಳಿ. ಕಾವೊರು ಮಿತೋಮ, ರಿತ್ಸು ದೋವಾನ್, ತಾಕೆಫುಸಾ ಕುಬೊ ಮೂವರೂ ದಾಳಿಯಲ್ಲಿ ಆಡುವವರು, 1997ರಿಂದ 2001ರೊಳಗೆ ಹುಟ್ಟಿದವರು.

ಟ್ರೆಂಡ್ಸ್‌ನಲ್ಲಿ ಒಮ್ಮೆಗೆ 5 ಹೆಸರು ಹಾಕಬಹುದು. ಟೈಪ್ ಮಾಡಿದಾಗ ಕೆಳಗೆ ತೆರೆಯುವ ಪಟ್ಟಿಯಲ್ಲಿ ಫುಟ್‌ಬಾಲ್ ಆಟಗಾರ ಎಂದಿರುವ ಟಾಪಿಕ್ಕನ್ನೇ ಒತ್ತಿ, ಬರೀ ಪದವನ್ನಲ್ಲ. ಮಿತೋಮ ಹೆಸರಿನ ಎರಡನೆಯ ಕಾಂಜಿ (ಚೀನೀ ಮೂಲದ ಜಪಾನಿ ಲಿಪಿ) ಅಕ್ಷರದ ನೆತ್ತಿಯಲ್ಲಿ ಬಿದಿರಿನ ಗುರುತಿದೆ. ಜಪಾನೀಯರೇ ಎಷ್ಟೋ ಸಲ ಹುಲ್ಲಿನ ಗುರುತಿನ ಅಕ್ಷರ ಹಾಕಿಬಿಡುತ್ತಾರೆ. ಪದ ಹಿಡಿದು ಹೊರಟರೆ ಆ ಹುಡುಕಾಟಗಳೆಲ್ಲ ಕೈತಪ್ಪುತ್ತವೆ. ಜಪಾನಿನ ಮಾಜಿ ತಾರೆ ಕೆಯ್ಸುಕೆ ಹೋಂಡಾ ವಿಷಯದಲ್ಲಿ ಇದರ ತಿರುಗುಮುರುಗು: ‘ಹೋಂಡಾ’ ಎಂದಷ್ಟೇ ಕೊಟ್ಟರೆ ಬೈಕ್ ಕೊಳ್ಳುವವರೆಲ್ಲ ಅಭಿಮಾನಿಗಳ ಸಾಲಿಗೆ ಬಂದು ನಿಲ್ಲುತ್ತಾರೆ.

ಅಲ್ಲಿ ಕಾಣುವ 100 ಎಂಬ ಅಂಕಿ ಜನರ ಸಂಖ್ಯೆಯಲ್ಲ, ಆಯ್ದ ಅವಧಿಯ ಅತಿ ಎತ್ತರದ ಬಿಂದು. ರೊನಾಲ್ಡೊ ಹೆಸರು ಸೇರಿಸಿ ನೋಡಿ, ಉಳಿದವರ ಗೆರೆ ನೆಲಕ್ಕೆ ಅಂಟುತ್ತದೆ. ಲೆಕ್ಕ ಎಲ್ಲ ಹುಡುಕಾಟಗಳದ್ದಲ್ಲ, ಆಯ್ದ ಮಾದರಿಯದ್ದಾದ್ದರಿಂದ ಅಂಕಿ ದಿನದಿಂದ ದಿನಕ್ಕೆ ತುಸು ಅಲುಗಾಡುತ್ತದೆ. 3 ಬೇರೆ ದಿನ ತೆಗೆದು ಸರಾಸರಿ ಹಿಡಿಯಿರಿ. ಜಪಾನ್ ಒಂದರ ಲೆಕ್ಕ, ಇಡೀ ಜಗತ್ತಿನ ಲೆಕ್ಕ ಬೇರೆ ಬೇರೆಯಾಗಿರಲಿ.

ಪೇಜ್‌ವ್ಯೂಸ್ ನಿಜವಾದ ಎಣಿಕೆ ಕೊಡುತ್ತದೆ. ಜಪಾನಿ ವಿಕಿಪೀಡಿಯಾ ಆರಿಸಿ, ಏಜೆಂಟ್ ಜಾಗದಲ್ಲಿ ‘ಯೂಸರ್’ ಇಡಿ, ಇಲ್ಲವಾದರೆ ತಾನಾಗಿ ಪುಟ ತೆರೆಯುವ ಪ್ರೋಗ್ರಾಂಗಳಾದ ಬಾಟ್‌ಗಳೂ ಓದುಗರಾಗುತ್ತವೆ. 2022ರ ನವೆಂಬರ್ 1ರಿಂದ 2023ರ ಜನವರಿ 31ರವರೆಗೆ 92 ದಿನಗಳ ಪಟ್ಟಿ ಇಳಿಸಿಕೊಳ್ಳಿ. ಅಂಕಿಗಳು 2015ರ ಜುಲೈನಿಂದಷ್ಟೇ ಇರುವುದರಿಂದ 2006ರಲ್ಲೇ ನಿವೃತ್ತರಾದ ಹಿದೆತೋಶಿ ನಕಾತಾ ಕಾಲದ ಹೋಲಿಕೆ ಇಲ್ಲಿ ನಡೆಯದು.

ಈ ಅವಧಿಯಲ್ಲೇ ಕತಾರ್ ವಿಶ್ವಕಪ್ಪಿನ ಸ್ಪೇನ್ ಪಂದ್ಯವಿದೆ. ವಿರಾಮದಲ್ಲಿ ಕುಬೊ ಹೊರಬಂದು ದೋವಾನ್ ಒಳಹೋದರು, ಮಿತೋಮ ಕೂಡ ಆಗಲೇ ಮೈದಾನಕ್ಕಿಳಿದರು. ದೋವಾನ್ ಸಮಬಲದ ಗೋಲು ಹೊಡೆದರು, 1.88 ಮಿ.ಮೀ. ಅಂತರದಲ್ಲಿ ಗೆರೆಯೊಳಗೆ ಉಳಿದದ್ದೆಂದು ವರದಿಯಾದ ಚೆಂಡನ್ನು ಮಿತೋಮ ಹಿಂದಕ್ಕೆ ಒದ್ದು ತಂಡದ ಜೊತೆಗಾರ ಆವೊ ತನಾಕಾಗೆ ಗೆಲುವಿನ ಗೋಲು ಮಾಡಿಕೊಟ್ಟರು. ಅಂದು ಏರಿದ ಗೆರೆ ಆ ರಾತ್ರಿಯದು, ವರ್ಷದ್ದಲ್ಲ. ಸರಾಸರಿ ತೆಗೆದರೆ ಆ ಒಂದು ದಿನವೇ ಎಲ್ಲವನ್ನೂ ಎತ್ತಿಬಿಡುತ್ತದೆ. ಅದಕ್ಕೇ ಮಧ್ಯಾಂಕ: 92 ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ 46 ಮತ್ತು 47ನೆಯದನ್ನು ಕೂಡಿಸಿ ಅರ್ಧ ಮಾಡಿ. ಮೂವರ ದಿನನಿತ್ಯದ ಹೋಲಿಕೆ ಅದರ ಮೇಲೆ ನಿಲ್ಲಲಿ; ಅತಿ ಎತ್ತರದ ದಿನವನ್ನು ಮಧ್ಯಾಂಕದಿಂದ ಭಾಗಿಸಿದ್ದನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ತಾರೀಖಿನಲ್ಲೊಂದು ಬಲೆಯಿದೆ. ಪೇಜ್‌ವ್ಯೂಸ್‌ನ ದಿನ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯದ ಪ್ರಕಾರ. ಜಪಾನ್ ಅದಕ್ಕಿಂತ 9 ಗಂಟೆ ಮುಂದೆ. ಟೋಕಿಯೊದಲ್ಲಿ ಡಿಸೆಂಬರ್ 2ರ ಬೆಳಗಿನ ಜಾವ 4ಕ್ಕೆ ಶುರುವಾದ ಆ ಪಂದ್ಯ ಪಟ್ಟಿಯಲ್ಲಿ 1ರಂದು ಬೀಳುತ್ತದೆ, ಬೆಳಿಗ್ಗೆ 9ರ ನಂತರ ಎದ್ದು ಹುಡುಕಿದವರು 2ರಲ್ಲಿ. ಆ ಪಂದ್ಯದ ಏರಿಕೆ ಅಳೆಯುವಾಗ ಎರಡೂ ದಿನ ಕೂಡಿಸಿಕೊಳ್ಳಿ.