ಗುಣ ಕಲಿಸಲು ಜೋಡಿ ಓದು: ಸಿನಗಾಗ್ ಶಾಲೆಯಲ್ಲಿ ನನ್ನ ಅನುಭವ

ಮಕ್ಕಳಿಗೆ ವಿನಯ ಕಲಿಸಬೇಕಾದರೆ 'ವಿನಯ' ಅನ್ನೋ ಮಾತನ್ನು ಆದಷ್ಟು ತಡವಾಗಿ ಎತ್ತಬೇಕು. ಅಮೆರಿಕದ ನ್ಯೂಜೆರ್ಸಿಯಲ್ಲಿ ಯಹೂದಿಗಳು ಪ್ರಾರ್ಥನೆಗೆ ಸೇರುವ ಒಂದು ಸಿನಗಾಗ್‌ನ ಭಾನುವಾರದ ಶಾಲೆಯಲ್ಲಿ ಪಾಠ ಮಾಡುತ್ತಾ ನಾನು ಹಿಡಿದಿರುವ ದಾರಿ ಇದು. ನಾನು ದಾವಣಗೆರೆ ಕಡೆಯವಳು. ಮದುವೆಯಾದ ಮೇಲೆ ಯಹೂದಿ ಧರ್ಮಕ್ಕೆ ಸೇರಿದೆ, ಹೀಬ್ರೂ ಕಲಿತೆ, ನಿಧಾನಕ್ಕೆ ಪಾಠಕ್ಕೂ ಇಳಿದೆ. ನನ್ನ ತರಗತಿಯಲ್ಲಿ ಹನ್ನೊಂದರಿಂದ ಹದಿಮೂರು ವರ್ಷದ ಮಕ್ಕಳಿದ್ದಾರೆ. ಬಾರ್ ಮಿಟ್ಸ್ವಾ, ಬಾತ್ ಮಿಟ್ಸ್ವಾ ಎಂಬ ಸಂಸ್ಕಾರಕ್ಕೆ ತಯಾರಾಗುವ ವಯಸ್ಸು ಅದು. ಇನ್ನು ಮುಂದೆ ನಿನ್ನ ನಡತೆಗೆ ನೀನೇ ಹೊಣೆ ಅಂತ ಸಮುದಾಯ ಹೇಳುವ ಹೊತ್ತು.

ಗುಣಗಳ ಪಟ್ಟಿಗೇನೂ ಬರವಿಲ್ಲ. 2004ರಲ್ಲಿ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ ಎಂಬ ಮನಶ್ಶಾಸ್ತ್ರಜ್ಞರು ಮನುಷ್ಯನ ಸ್ವಭಾವದ 24 ಶಕ್ತಿಗಳನ್ನು ಗುರುತಿಸಿದರು. ಕುತೂಹಲ, ಧೈರ್ಯ, ದಯೆ, ಕ್ಷಮೆ, ವಿನಯ, ನ್ಯಾಯಬುದ್ಧಿ ಎಲ್ಲಾ ಅದರಲ್ಲಿವೆ. ಯಹೂದಿಗಳಲ್ಲಿ ಈ ಕೆಲಸ ಇನ್ನೂ ಹಳೆಯದು. 19ನೇ ಶತಮಾನದಲ್ಲಿ ಲಿಥುವೇನಿಯಾದ ರಬ್ಬಿ (ಯಹೂದಿ ಧರ್ಮಗುರು) ಇಸ್ರೇಲ್ ಸಲಾಂತರ್ ಇದನ್ನೊಂದು ಚಳವಳಿಯಾಗಿಯೇ ಬೆಳೆಸಿದರು. ಅದರ ಹೆಸರು ಮುಸಾರ್. ಓದಿ ಪಂಡಿತನಾದರೆ ಸಾಲದು, ಗುಣವನ್ನೂ ದಿನಾ ಅಭ್ಯಾಸ ಮಾಡಬೇಕು ಅನ್ನೋದು ಅದರ ತಿರುಳು. ಒಪ್ಪುವ ಮಾತೇ. ಆದರೆ ಪಟ್ಟಿಯನ್ನು ಮೊದಲೇ ಗೋಡೆಗೆ ಅಂಟಿಸಿಬಿಟ್ಟರೆ, ಟೀಚರ್‌ಗೆ ಯಾವ ಉತ್ತರ ಬೇಕು ಅಂತ ಮಕ್ಕಳು ಅಲ್ಲೇ ಹುಡುಕಿಬಿಡುತ್ತಾರೆ. ಅದಕ್ಕೇ ನಾನು ಮೊದಲು ಕೊಡುವುದು ಒಂದು ಕಥೆ, ಮತ್ತು ಪಕ್ಕದಲ್ಲೊಬ್ಬ ಜೊತೆಗಾರ.

ಜೋಡಿಯಾಗಿ ಕೂತು ಓದುವುದಕ್ಕೆ ಹವ್ರುತಾ ಅನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಊರಲ್ಲಿ ಭಾರತ ವಾಚನ ಕೇಳುತ್ತಿದ್ದೆ. ಅಲ್ಲಿ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಉಳಿದವರು ಕಿವಿಗೊಟ್ಟು ಕೂರುತ್ತಾರೆ. ಇಲ್ಲಿ ಕೇಳುಗರೇ ಇಲ್ಲ. ಇಬ್ಬರೂ ಜೋರಾಗಿ ಓದಬೇಕು, ಇಬ್ಬರೂ ಅರ್ಥ ಹೇಳಬೇಕು, ಇಬ್ಬರೂ ಒಬ್ಬರನ್ನೊಬ್ಬರು ತಡೆದು ಕೇಳಬೇಕು. ಹತ್ತು ಜೋಡಿ ಒಟ್ಟಿಗೆ ಓದಿದರೆ ಕೋಣೆ ಸಂತೆಯಾಗುತ್ತದೆ. ಆಗಲಿ, ಆ ಗಲಾಟೆ ನನಗೆ ಬೇಕು.

ಇಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನವೂ ಅದರ ಆಸುಪಾಸಿನಲ್ಲೇ ಬರುತ್ತದೆ. ಮನುಷ್ಯ ದೇವರಿಗೆ ಮಾಡಿದ ತಪ್ಪಿಗೆ ಆ ದಿನ ಪರಿಹಾರ ಉಂಟು. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಿಗೆ, ಅವನನ್ನು ಸಮಾಧಾನ ಮಾಡುವ ತನಕ ಪರಿಹಾರ ಇಲ್ಲ ಅಂತ ಮಿಷ್ನಾ ಎಂಬ ಹಳೆಯ ಯಹೂದಿ ಧರ್ಮನಿಯಮಗಳ ಗ್ರಂಥ ಹೇಳುತ್ತದೆ. ಹಾಗಾಗಿ ವರ್ಷದ ಮೊದಲ ಓದಿಗೆ ನಾನು ಆರಿಸುವುದು, ಹಳೆಯ ಗುರುಗಳ ಚರ್ಚೆ, ಕಥೆಗಳ ಸಂಗ್ರಹವಾದ ತಾಲ್ಮುಡ್‌ನ ತಾನಿತ್ ಭಾಗದ ಕಥೆ. ಒಂದೇ ಪುಟ, ದೊಡ್ಡ ಅಕ್ಷರ, ಸುತ್ತ ಬರೆದುಕೊಳ್ಳಲು ಜಾಗ. ಸೆಫಾರಿಯಾ ಎಂಬ ಜಾಲತಾಣದಲ್ಲಿ ಮೂಲವೂ ಅನುವಾದವೂ ಪುಕ್ಕಟೆ ಸಿಗುತ್ತವೆ.

ಕಥೆ ಇದು. ರಬ್ಬಿ ಎಲಾಜಾರ್ ಗುರುಗಳ ಮನೆಯಿಂದ ಕತ್ತೆಯೇರಿ ನದಿಯ ದಡದಲ್ಲಿ ಬರುತ್ತಿದ್ದಾರೆ. ತುಂಬಾ ಕಲಿತಿದ್ದೇನೆ ಅಂತ ಮನಸ್ಸು ಉಬ್ಬಿದೆ. ಎದುರಿಗೆ ಒಬ್ಬ ಕುರೂಪಿ ಬಂದು, "ನಿಮಗೆ ಶಾಂತಿಯಿರಲಿ, ಗುರುಗಳೇ" ಅನ್ನುತ್ತಾನೆ. ಇವರು ತಿರುಗಿ ನಮಸ್ಕಾರ ಹೇಳುವುದಿಲ್ಲ. "ಎಷ್ಟು ಕುರೂಪಿಯೋ ನೀನು! ನಿಮ್ಮೂರವರೆಲ್ಲಾ ನಿನ್ನ ಹಾಗೇನಾ?" ಅನ್ನುತ್ತಾರೆ. ಅವನು ಹೇಳುತ್ತಾನೆ: "ನನಗೆ ಗೊತ್ತಿಲ್ಲ. ನನ್ನನ್ನು ಮಾಡಿದವನ ಹತ್ತಿರ ಹೋಗಿ, ನೀನು ಮಾಡಿದ ಈ ಪಾತ್ರೆ ಎಷ್ಟು ವಿಕಾರವಾಗಿದೆ ಅಂತ ಹೇಳು." ತಾನು ತಪ್ಪು ಮಾಡಿದೆ ಅಂತ ರಬ್ಬಿಗೆ ಗೊತ್ತಾಗುತ್ತದೆ. ಕತ್ತೆಯಿಂದಿಳಿದು ಅಡ್ಡಬಿದ್ದು ಕ್ಷಮೆ ಕೇಳುತ್ತಾರೆ. ಅವನು ಒಪ್ಪುವುದಿಲ್ಲ. ರಬ್ಬಿ ಅವನ ಹಿಂದೆಯೇ ಊರಿನವರೆಗೂ ಬರುತ್ತಾರೆ. ಊರವರು "ಗುರುಗಳೇ, ಗುರುಗಳೇ" ಅಂತ ಎದುರುಗೊಳ್ಳುತ್ತಾರೆ. "ಇವನು ಗುರುವಾದರೆ, ಇಂಥವರು ಇಸ್ರೇಲಿನಲ್ಲಿ ಹೆಚ್ಚಾಗದಿರಲಿ" ಅಂತ ಆ ಮನುಷ್ಯ ನಡೆದದ್ದನ್ನೆಲ್ಲಾ ಹೇಳುತ್ತಾನೆ. ದೊಡ್ಡ ವಿದ್ವಾಂಸರು, ಕ್ಷಮಿಸಿಬಿಡು ಅಂತ ಊರವರು ಕೇಳಿಕೊಳ್ಳುತ್ತಾರೆ. "ನಿಮಗೋಸ್ಕರ ಕ್ಷಮಿಸಿದೆ. ಇವನು ಇದನ್ನೇ ರೂಢಿ ಮಾಡಿಕೊಳ್ಳಬಾರದು, ಅಷ್ಟೇ." ಕೂಡಲೇ ರಬ್ಬಿ ಹೋಗಿ ಪಾಠ ಹೇಳುತ್ತಾರೆ: ಮನುಷ್ಯ ಯಾವಾಗಲೂ ಜೊಂಡಿನ ಹಾಗೆ ಮೆತ್ತಗಿರಬೇಕು, ದೇವದಾರಿನ ಹಾಗೆ ಗಡುಸಾಗಿರಬಾರದು. ಜೊಂಡು ಬಾಗುವುದರಿಂದಲೇ ತೋರಾ ಎಂಬ ಧರ್ಮಗ್ರಂಥ ಬರೆಯುವ ಲೇಖನಿಯಾಗುವ ಭಾಗ್ಯ ಅದಕ್ಕೆ ಬಂತು.

ನಾನು ಕೇಳುವುದು ಒಂದೇ ಪ್ರಶ್ನೆ: ಈ ಕಥೆಯಲ್ಲಿ ಯಾರದು ಸರಿ? ಸುಲಭದ ಪ್ರಶ್ನೆ ಅನ್ನಿಸುತ್ತೆ, ಅಲ್ವಾ? ಐದು ನಿಮಿಷದಲ್ಲೇ ಜೋಡಿಗಳು ಒಡೆಯುತ್ತವೆ. ಒಮ್ಮೆ ಒಬ್ಬಳು ಹುಡುಗಿ, "ಅವನು ಕ್ಷಮಿಸಿದ್ದು ಊರವರಿಗೋಸ್ಕರ. ರಬ್ಬಿಯನ್ನು ಕ್ಷಮಿಸಲೇ ಇಲ್ಲ" ಅಂದಳು. ಅವಳ ಜೊತೆಗಾರ ಪುಟದ ಮೇಲೆ ಬೆರಳಿಟ್ಟು ಓದಿ ತೋರಿಸಿದ: "ರೂಢಿ ಮಾಡಿಕೊಳ್ಳಬಾರದು ಅಂದಿದ್ದಾನೆ ನೋಡು. ಬದಲಾಗ್ತಾನೆ ಅಂತ ನಂಬಿಕೆ ಇದ್ದವನೇ ಹಾಗೆ ಹೇಳೋದು." ಇನ್ನೊಂದು ಮೂಲೆಯಲ್ಲಿ, ದೊಡ್ಡ ವಿದ್ವಾಂಸ ಅಂತ ರಿಯಾಯಿತಿ ಕೊಡೋದು ನ್ಯಾಯವಾ ಅಂತ ಜಗಳ. ಇದನ್ನೆಲ್ಲಾ ನಾನು ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಆ ಹುಡುಗ ಪುಟದ ಮೇಲೆ ಬೆರಳಿಡುತ್ತಿರಲಿಲ್ಲ.

ವಾದಕ್ಕೆ ಒಂದು ನಿಯಮ ಮಾತ್ರ ಇಟ್ಟಿದ್ದೇನೆ. ಉತ್ತರ ಕೊಡುವ ಮೊದಲು ಜೊತೆಗಾರನ ಮಾತನ್ನು ನಿನ್ನ ಬಾಯಲ್ಲಿ ಹೇಳು. ಅವನು "ಹೌದು, ನಾನು ಹೇಳಿದ್ದು ಅದೇ" ಅಂದ ಮೇಲೆ ನಿನ್ನ ಮಾತು. ಇದೂ ತಾಲ್ಮುಡ್‌ನದ್ದೇ. ಹಿಲ್ಲೇಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಪಂಥಗಳು ಮೂರು ವರ್ಷ ವಾದ ಮಾಡಿದವು. ಇಬ್ಬರ ಮಾತೂ ದೇವರ ಮಾತೇ, ಆದರೆ ಹಿಲ್ಲೇಲ್ ಪಂಥದ ತೀರ್ಮಾನ ನಡೆಯಲಿ ಅಂತ ಆಕಾಶವಾಣಿಯಾಯಿತು. ಯಾಕೆ? ಅವರು ಮೃದುವಾಗಿದ್ದರು; ಶಮ್ಮಾಯ್ ಕಡೆಯವರ ಮಾತನ್ನೂ ಕಲಿಸುತ್ತಿದ್ದರು, ತಮ್ಮದಕ್ಕಿಂತ ಮೊದಲು ಅದನ್ನೇ ಹೇಳುತ್ತಿದ್ದರು. ಮಕ್ಕಳಿಗೆ ಈ ನಿಯಮ ತುಂಬಾ ಕಷ್ಟ. ನನ್ನ ಲೆಕ್ಕದಲ್ಲಿ ವಿನಯದ ಪಾಠ ಆಗುವುದು ಅಲ್ಲೇ, ಕಥೆಯಲ್ಲಿ ಅರ್ಧ ಮಾತ್ರ.

ಎಲ್ಲದಕ್ಕೂ ತಲೆಯಾಡಿಸುವ ಮಕ್ಕಳೂ ಇರುತ್ತಾರೆ. ಅವರಿಗೆ ತಾಲ್ಮುಡ್ ಕಾಲದ ಗುರು ರಬ್ಬಿ ಯೋಹಾನನ್ ಅವರ ಮಾತು ಓದಿಸುತ್ತೇನೆ. ಜೊತೆಗಾರ ರೇಶ್ ಲಾಕಿಶ್ ತೀರಿಕೊಂಡ ಮೇಲೆ, ಎಲ್ಲದಕ್ಕೂ ಹೌದು ಅನ್ನುವ ಒಬ್ಬರನ್ನು ಅವರ ಹತ್ತಿರ ಕಳಿಸಿದರು. ಯೋಹಾನನ್ ನೊಂದುಕೊಂಡರು: ರೇಶ್ ಲಾಕಿಶ್ ನನ್ನ ಮಾತಿಗೆ 24 ಆಕ್ಷೇಪ ತೆಗೆಯುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ಹಾಗೆ ಬೆಳೆಯುತ್ತಿತ್ತು.

ತರಗತಿಯ ಕೊನೆಗೆ ಆ 24 ಗುಣಗಳ ಪಟ್ಟಿ ಹೊರಗೆ ಬರುತ್ತದೆ. ಈ ಕಥೆಯಲ್ಲಿ ಯಾವುದು ಕಂಡಿರಿ ಅಂತ ಕೇಳುತ್ತೇನೆ. ಕೆಲವರು ವಿನಯ ಅನ್ನುತ್ತಾರೆ, ಕೆಲವರು ಕ್ಷಮೆ. ಊರವರೆಲ್ಲಾ ಗೌರವಿಸುವ ವ್ಯಕ್ತಿಯ ಎದುರು ಸತ್ಯ ಹೇಳಿದ ಆ ಕುರೂಪಿಯ ಧೈರ್ಯವನ್ನು ಆರಿಸಿದ ಮಗುವನ್ನು ನಾನು ಮರೆಯಲಾರೆ. ಶಾಲೆಯಲ್ಲಿ ತಾನೂ ಅಂಥ ಮಾತು ಕೇಳಿಸಿಕೊಂಡವನು ಅವನು.

ಮುಂದಿನ ವಾರ ಮೈಮೊನಿಡೀಸ್. 12ನೇ ಶತಮಾನದ ಈ ಪಂಡಿತ ಕ್ಷಮೆ ಕೇಳುವ ಕ್ರಮವನ್ನೇ ಬರೆದಿಟ್ಟಿದ್ದಾರೆ. ನೊಂದವನು ಒಪ್ಪದಿದ್ದರೆ ಅವನ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ ಕೇಳು. ಎರಡನೇ ಸಲ, ಮೂರನೇ ಸಲವೂ ಕೇಳು. ಆಮೇಲೂ ಒಪ್ಪದಿದ್ದರೆ ಬಿಟ್ಟುಬಿಡು, ಆಗ ತಪ್ಪು ಅವನದು. "ಮೆಸೇಜ್‌ನಲ್ಲಿ ಸಾರಿ ಕಳಿಸಿದರೆ ಲೆಕ್ಕಕ್ಕೆ ಬರುತ್ತಾ?" ಅಂತ ಪ್ರತಿ ವರ್ಷ ಯಾರಾದರೂ ಕೇಳೇ ಕೇಳುತ್ತಾರೆ. ನಾನು ಪುಟ ತೋರಿಸುತ್ತೇನೆ. ಗೆಳೆಯರನ್ನು ಕರೆದುಕೊಂಡು ಅಂತಿದೆಯಲ್ಲ, ಹಾಗಾದರೆ ನಡೆದೇ ಹೋಗಬೇಕು ಅನ್ನೋದು ಒಂದು ಪಕ್ಷ. ದೂರದ ಊರಿನವರಾದರೆ ಏನು ಮಾಡೋದು ಅನ್ನೋದು ಇನ್ನೊಂದು.

ಅಭ್ಯಾಸಕ್ಕೆ ಒಂದು ಪುಟ್ಟ ನೋಟ್‌ಬುಕ್ ಇದೆ. 19ನೇ ಶತಮಾನದ ಆರಂಭದಲ್ಲಿ ಮೆನಾಹೆಮ್ ಮೆಂಡೆಲ್ ಲೆಫಿನ್ ಎಂಬ ಯಹೂದಿ ಲೇಖಕರು, ಅಮೆರಿಕದ ನಾಯಕ ಬೆಂಜಮಿನ್ ಫ್ರಾಂಕ್ಲಿನ್ ಅವರ ಪದ್ಧತಿಯಿಂದ ಪ್ರೇರಣೆ ಪಡೆದು, 13 ಗುಣಗಳಿಗೆ ವಾರಕ್ಕೊಂದರಂತೆ ವರ್ಷಕ್ಕೆ ನಾಲ್ಕು ಸುತ್ತು ಹಾಕುವ ಕ್ರಮ ಹೇಳಿದರು. ಮಕ್ಕಳಿಗೆ ಅಷ್ಟು ಬೇಡ ಅಂತ ನನ್ನ ಅನಿಸಿಕೆ. ಒಂದು ಗುಣ, ಒಂದು ವಾರ, ದಿನಕ್ಕೊಂದು ಸಾಲು. ನಾನು ಅದನ್ನು ತೆರೆದು ನೋಡುವುದಿಲ್ಲ, ಅಪ್ಪ ಅಮ್ಮಂದಿರಿಗೂ ನೋಡಬೇಡಿ ಅಂತ ಹೇಳಿದ್ದೇನೆ.

ಚಳಿಗಾಲಕ್ಕೆ ನ್ಯಾಯಬುದ್ಧಿಯ ಪಾಠ. ತೋರಾದ ಐದು ಗ್ರಂಥಗಳಲ್ಲಿ ಒಂದಾದ ಅರಣ್ಯಕಾಂಡದಲ್ಲಿ ಚಲ್ಫಹಾದ ಎಂಬುವನ ಐವರು ಹೆಣ್ಣುಮಕ್ಕಳು ಜನರ ನಾಯಕ ಮೋಶೆಯ ಎದುರು, ಇಡೀ ಸಭೆಯ ಎದುರು ನಿಂತು, ಗಂಡುಮಕ್ಕಳಿಲ್ಲದ ನಮ್ಮ ತಂದೆಯ ಪಾಲು ನಮಗೆ ಕೊಡಿ ಅಂತ ಕೇಳುತ್ತಾರೆ. ಅವರು ಹೇಳುವುದು ಸರಿ ಅಂತ ದೇವರು ತೀರ್ಪು ಕೊಡುತ್ತಾನೆ, ಕಾನೂನೇ ಬದಲಾಗುತ್ತದೆ. ಆದರೆ ಅದೇ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ಜಮೀನು ಬೇರೆ ಕುಲಕ್ಕೆ ಹೋಗಬಾರದು ಅಂತ, ಈ ಹುಡುಗಿಯರು ತಮ್ಮ ಕುಲದಲ್ಲೇ ಮದುವೆಯಾಗಬೇಕು ಅನ್ನೋ ಕಟ್ಟು ಬೀಳುತ್ತದೆ. ಆ ಪುಟವನ್ನೂ ಕೊಡುತ್ತೇನೆ. ಹುಡುಗಿಯರಿಗೆ ಸಿಟ್ಟು ಬರುತ್ತದೆ, ಜೋಡಿ ಬಿಟ್ಟು ನನ್ನ ಮೇಜಿಗೇ ಬಂದು ವಾದ ಮಾಡುತ್ತಾರೆ. ಅವತ್ತು ಆ ನಿಯಮ ನನಗೂ ಅನ್ವಯಿಸುತ್ತದೆ. ಮೊದಲು ಅವರ ಮಾತನ್ನು ನಾನು ಹೇಳಿ, ಅವರು ಹೌದು ಅನ್ನಬೇಕು.