ಹಿಮದಲ್ಲಿ ಟಾರ್ಮಿಗನ್ ಹುಡುಕುವುದು: ನನ್ನ ಅನುಭವ

ಬಿಳಿ ಹಿಮದಲ್ಲಿ ಟಾರ್ಮಿಗನ್‌ನಂಥ ಬಿಳಿ ಹಕ್ಕಿಯನ್ನು ಹೇಗಪ್ಪಾ ಹುಡುಕೋದು ಅಂತ ತುಂಬಾ ಜನ ಕೇಳುತ್ತಾರೆ. ನಾನು ಮೊದಲು ಹಕ್ಕಿ ಹುಡುಕುವುದಿಲ್ಲ, ಪೊದೆ ಹುಡುಕುತ್ತೇನೆ. ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟಗಳಲ್ಲಿ ಚಳಿಗಾಲ ಪೂರ್ತಿ ಬಿಳಿಬಾಲದ ಟಾರ್ಮಿಗನ್‌ಗೆ ಮುಖ್ಯ ಆಹಾರ ವಿಲ್ಲೋ ಗಿಡದ ಮೊಗ್ಗು ಮತ್ತು ಎಳೆ ಕಡ್ಡಿ. ಹಿಮದಿಂದ ವಿಲ್ಲೋ ತುದಿಗಳು ಎಲ್ಲಿ ಹೊರಗೆ ಚಾಚಿವೆಯೋ ಅಲ್ಲೇ ಹುಡುಕಬೇಕು. ಬರೀ ಹಿಮದ ಇಳಿಜಾರು ನೋಡುತ್ತಾ ನಿಂತರೆ ಸುಮ್ನೆ ಹೊತ್ತು ಹೋಗುತ್ತದೆ ಅಷ್ಟೇ.

ನಾನು ಹೋಗುವುದು ಅಲ್ಲಿನ ಗ್ವಾನೆಲ್ಲಾ ಪಾಸ್ ಅನ್ನುವ ಬೆಟ್ಟದ ದಾರಿಗೆ. ಎತ್ತರ ಸುಮಾರು 3,550 ಮೀಟರ್. ಚಳಿಗಾಲದಲ್ಲಿ ಮೇಲಿನ ರಸ್ತೆಗೆ ಗೇಟ್ ಹಾಕಿರುತ್ತಾರೆ, ಅಲ್ಲಿಂದ ಮುಂದೆ ನಡಿಗೆಯೇ. ಹೊರಡುವ ಮುಂಚೆ ಹಿಮಕುಸಿತದ ಮುನ್ಸೂಚನೆ ನೋಡದೆ ನಾನು ಹೆಜ್ಜೆ ಇಡುವುದಿಲ್ಲ.

ಪೊದೆ ಸಿಕ್ಕಮೇಲೆ ಹೆಜ್ಜೆಗುರುತು ನೋಡುತ್ತೇನೆ. ಈ ಹಕ್ಕಿಯ ಬೆರಳಿನ ತನಕ ಗರಿ ಇರುವುದರಿಂದ ಗುರುತು ಚೂಪಾಗಿರುವುದಿಲ್ಲ, ಅಂಚು ಸ್ವಲ್ಪ ಕಲಸಿಕೊಂಡಿರುತ್ತದೆ. ಒಂದು ಪೊದೆಯಿಂದ ಇನ್ನೊಂದಕ್ಕೆ ನಡೆದು ಹೋದ ಸಾಲು ಚೆನ್ನಾಗಿ ಕಾಣುತ್ತದೆ. ಹಿಮದಲ್ಲಿ ಬಟ್ಟಲಿನಂಥ ಗುಂಡಿ, ಅದರೊಳಗೆ ಒಣಗಿದ ಹಿಕ್ಕೆಯ ರಾಶಿ ಕಂಡರೆ ಅಲ್ಲಿ ಹಕ್ಕಿ ಮಲಗಿತ್ತು ಅಂತ ಅರ್ಥ. ಚಳಿ, ಗಾಳಿ ತಪ್ಪಿಸಿಕೊಳ್ಳಲು ಅವು ಹಿಮದೊಳಗೇ ತೋಡಿಕೊಂಡು ಕೂರುತ್ತವೆ.

ಆಮೇಲೆ ಬೈನಾಕ್ಯುಲರ್‌ನಲ್ಲಿ ಹಕ್ಕಿಯ ಆಕಾರ ಹುಡುಕಬೇಡಿ. ಕಪ್ಪು ಚುಕ್ಕೆ ಹುಡುಕಿ. ಚಳಿಗಾಲದಲ್ಲಿ ಇದರ ಮೈಯಲ್ಲಿ ಎದ್ದು ಕಾಣುವ ಕಪ್ಪು ಅಂದರೆ ಕಣ್ಣು ಮತ್ತು ಕೊಕ್ಕು. ಒಂದು ಸಿಕ್ಕರೆ ಪಕ್ಕದಲ್ಲೇ ಇನ್ನೊಂದು, ಮತ್ತೊಂದು ಕಣ್ಣಿಗೆ ಬೀಳುತ್ತವೆ. ಈ ಕಾಲದಲ್ಲಿ ಅವು ಗುಂಪಾಗಿ ಇರುತ್ತವೆ.

ಸಿಕ್ಕಿತು ಅಂತ ಹತ್ತಿರ ಓಡಬೇಡಿ. ನಾನು ದೂರದಲ್ಲೇ ಹಿಮದ ಮೇಲೆ ಕೂತುಬಿಡುತ್ತೇನೆ. ಕದಲದೆ ಕೂತರೆ ಅವೇ ಮೇಯುತ್ತಾ ಹತ್ತಿರ ಬರುವುದುಂಟು. ಕತ್ತು ಚಾಚಿ ಮೊಗ್ಗು ಕಚ್ಚಿ ಪಟಕ್ಕನೆ ಮುರಿಯುವುದು, ನಾಲ್ಕು ಹೆಜ್ಜೆ ಇಟ್ಟು ಮತ್ತೆ ಮುರಿಯುವುದು. ಗಾಳಿ ನಿಂತಿದ್ದರೆ ಆ ಸದ್ದೂ ಕೇಳಿಸುತ್ತದೆ. ಉತ್ತರ ಅಮೆರಿಕದ ಗ್ರೌಸ್ ಅನ್ನುವ ಕೋಳಿ ಜಾತಿಯ ಹಕ್ಕಿಗಳಲ್ಲೇ ಇದು ಅತಿ ಚಿಕ್ಕದು, ಅರ್ಧ ಕೆಜಿಯೂ ತೂಗುವುದಿಲ್ಲ. ಅಷ್ಟು ಪುಟ್ಟ ಜೀವ ಈ ಚಳಿಯಲ್ಲಿ ಬದುಕುವುದೇ ಶಕ್ತಿ ಉಳಿಸಿಕೊಂಡು. ನಮ್ಮಿಂದ ಒಂದು ಸಲ ಹಾರಿದರೂ ಅದಕ್ಕೆ ನಷ್ಟ. ಅದಕ್ಕೇ ಮೇಯುವುದು ಬಿಟ್ಟು ಕತ್ತೆತ್ತಿ ನಿಂತರೆ ನಾನು ಹಿಂದೆ ಸರಿಯುತ್ತೇನೆ. ಮೊಬೈಲ್‌ನಲ್ಲಿ ಅದರ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ.

ಫೋಟೊ ವಿಷಯ ಎರಡೇ ಮಾತು. ಹಿಮದ ಬೆಳಕಿಗೆ ಕ್ಯಾಮೆರಾ ಚಿತ್ರವನ್ನು ಮಬ್ಬು ಮಾಡುತ್ತದೆ, ಎಕ್ಸ್‌ಪೋಶರ್ ಸುಮಾರು ಒಂದು ಸ್ಟಾಪ್ (ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಇಡಿ. ಹೆಚ್ಚುವರಿ ಬ್ಯಾಟರಿಯನ್ನು ಜಾಕೆಟ್ ಒಳಗೆ ಬೆಚ್ಚಗಿಡಿ.

ಚಳಿ ಆಗದವರು ಬೇಸಿಗೆಯಲ್ಲಿ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನ ಟ್ರೇಲ್ ರಿಡ್ಜ್ ರಸ್ತೆಗೆ ಹೋಗಬಹುದು. ಆಗ ಇದು ಕಂದು, ಬೂದು ಚುಕ್ಕೆಗಳ ಹಕ್ಕಿ, ಬಾಲ, ರೆಕ್ಕೆ, ಹೊಟ್ಟೆ ಮಾತ್ರ ಬಿಳಿ. ಕಲ್ಲುಗಳ ನಡುವೆ ಕೂತರೆ ಹಿಮದಲ್ಲಿದ್ದಾಗಿನದಕ್ಕಿಂತ ಪತ್ತೆ ಕಷ್ಟ. ಮರಿಗಳಿದ್ದರೆ ಇನ್ನೂ ದೂರ ನಿಲ್ಲಿ, ದಾರಿ ಬಿಟ್ಟು ಇಳಿಯಬೇಡಿ. ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಕಡೆಯ ಬಿಳಿಬಾಲದ ಟಾರ್ಮಿಗನ್ ಉಪಜಾತಿಯನ್ನು 2024ರಲ್ಲಿ ಅಮೆರಿಕ ಸರ್ಕಾರ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿದೆ. ಬಿಸಿ ಏರಿದಂತೆ ಬೆಟ್ಟದಲ್ಲಿ ಮರ ಬೆಳೆಯುವ ಗಡಿ ಮೇಲೆ ಸರಿಯುತ್ತದೆ. ತುದಿಯಲ್ಲೇ ಇರುವ ಈ ಹಕ್ಕಿಗೆ ಅದಕ್ಕಿಂತ ಮೇಲೆ ಜಾಗ ಇಲ್ಲ.